ಅವ್ವನ ಚಿತ್ರದಲ್ಲಿ ಮೂವರು

ಓದುವ ಎಲ್ಲರಿಗೂ ಶರಣು. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಈಗಲೂ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಲವತ್ತರ ದಶಕದ ಮಾತು. ನಮ್ಮ ಮನೆ ದೇವದುರ್ಗದಲ್ಲಿತ್ತು. ರಾಯಚೂರಿನ ಡ್ರಾಯಿಂಗ್ ಮಾಸ್ತರರೊಬ್ಬರು ರಜೆಗೆ ಬಂದಿದ್ದರು. ಓಣಿಯ ಬಾವಿ ಹತ್ತಿರ ಬೇವಿನ ನೆರಳಲ್ಲಿ ಕುಳಿತು ನೀರುಬಣ್ಣದ ಚಿತ್ರವೊಂದನ್ನು ಬರೆದು, ಹೋಗುವಾಗ ಅವ್ವನ ಕೈಗೆ ಕೊಟ್ಟರು. “ಇದ್ರಾಗ ನಾ ಅದೀನಂತ!” ಎಂದು ನಗುತ್ತ ಅವ್ವ ಅದನ್ನು ಸಂದೂಕಿನಲ್ಲಿಟ್ಟಳಂತೆ. ಅಪ್ಪ ನೋಡಲೂ ಇಲ್ಲ.

ಮರುವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಅವಳದೊಂದೂ ಫೋಟೋ ಇರಲಿಲ್ಲ. ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆ ಹತ್ತಿರ ಬಂದಾಗ ಆ ಹಾಳೆ ನೆನಪಾಯಿತು. ತೆಗೆದು ನೋಡಿದರೆ ಅದರಲ್ಲಿ ಮೂವರು ಹೆಂಗಸರು. ಒಬ್ಬಳು ನೀರು ಸೇದುತ್ತಿದ್ದಳು. ಇನ್ನೊಬ್ಬಳು ಕೊಡವನ್ನು ಎಡ ಟೊಂಕದ ಮೇಲಿಟ್ಟುಕೊಂಡು ದಾರಿಯಲ್ಲಿದ್ದಳು. ಮತ್ತೊಬ್ಬಳು ಕೊಡದ ಸಮೇತ ಬಾಗಿಲ ಮುಂದೆ. ಮುಖ ಕಡಲೆಕಾಳಿನಷ್ಟು, ಕಣ್ಣು ಮೂಗು ಇಲ್ಲ.

“ಇವ್ರಾಗ ನಿಮ್ಮವ್ವ ಯಾವಾಕಿಲೇ?” ಎಂದ ಅಪ್ಪ. ನನಗೆ ತಿಳಿಯಲಿಲ್ಲ.

ಮಾನ್ವಿಯಿಂದ ಬಂದಿದ್ದ ಚಿಕ್ಕಮ್ಮ ನಡುವಿನವಳ ಮೇಲೆ ಬೆರಳಿಟ್ಟಳು. “ಈಕಿನೇ ನಮ್ಮಕ್ಕ. ನಡಿಗಿ ನೋಡ್ರಿ.”

“ಬಾಗಲದಾಗಿನಾಕಿ ಅಲ್ಲೇನು?”

“ಆಕಿ ಯಾರೋ ಮೈತುಂಬಿದಾಕಿ. ನಮ್ಮಕ್ಕಗ ನೀವು ಯಾವಾಗ ಹೊಟ್ಟಿತುಂಬ ಹಾಕಿದ್ರಿ, ಮಾವಾ?”

ಅಪ್ಪನಿಗೆ ಬೇರೆಯೇ ಚಿಂತೆ. “ಉಳಿದ ಇಬ್ಬರು ಓಣ್ಯಾಗಿನ ಹೆಣ್ಮಕ್ಳಾಗಿದ್ರ? ಬದುಕಿರೋರಿಗೆ ಎಡಿ ಹಿಡದ್ರ ಅವ್ರ ಆಯುಷ್ಯಕ್ಕ ಕೇಡಲ್ಲೇನು?” ಕೊನೆಗೆ ನಡುವಿನವಳನ್ನಷ್ಟೇ ಕತ್ತರಿಸಿ ಕಟ್ಟು ಹಾಕಿಸುವುದೆಂದಾಯಿತು. ಚಿಕ್ಕಮ್ಮನ ಬೆರಳು ತಪ್ಪಿದ್ದರೆ ಅವ್ವ ಚೂರುಗಳ ಜೊತೆ ಕಸಕ್ಕೆ ಹೋಗುತ್ತಾಳಲ್ಲ ಎಂದು ಅಪ್ಪನ ಜೊತೆ ಹೊರಟ ನನಗೆ ದಾರಿಯುದ್ದಕ್ಕೂ ದಿಗಿಲು.

ರಾಯಚೂರಿನಲ್ಲಿ ಕಟ್ಟು ಹಾಕುವವನು ಬ್ಲೇಡು ಹಿಡಿದು, “ಜಲ್ದಿ ಹೇಳ್ರಿ, ಎಲ್ಲಿ ಹರೀಲಿ?” ಎಂದ.

ನಾನು ಹಾಳೆಯನ್ನು ಬಿಸಿಲಿಗೆ ಹಿಡಿದೆ. ಮೂವರದೂ ಕೆಂಪು ಸೀರೆಯೇ. ಬಾವಿಯ ಹತ್ತಿರದವಳದು ಎಲ್ಲ ಕಡೆ ಒಂದೇ ಬಣ್ಣ. ದಾರಿಯವಳ ಸೀರೆ ಎಡ ಟೊಂಕದ ಕೆಳಗೆ ಗಾಢವಾಗಿತ್ತು. ಬಾಗಿಲಿನವಳದು ಅಂಚಿನ ತನಕ ಗಾಢ, ಕಾಲಿಗೆ ಅಂಟಿಕೊಂಡಂತೆ. ಬಣ್ಣ ಚೆಲ್ಲಿ ಹಾಳಾಗಿದೆ ಎಂದುಕೊಂಡಿದ್ದೆ. ಅಲ್ಲ, ಹಾಳೆ ಹಸಿ ಇರುವಾಗಲೇ ಮಾಸ್ತರರು ಬೇಕೆಂದೇ ಬಣ್ಣ ಹರಿಯಬಿಟ್ಟಿದ್ದರು. ಬಾವಿಯಿಂದ ಬಾಗಿಲವರೆಗೆ ಮಣ್ಣಿನ ಮೇಲೂ ಸಣ್ಣ ಹನಿಗಳು.

“ಯಪ್ಪಾ, ಕೊಡ ಸೋರಾಕತ್ತದ ನೋಡು.”

ಅಪ್ಪ ಬಹಳ ಹೊತ್ತು ನೋಡಿದ. “ನಿಮ್ಮವ್ವನ ಕೊಡದ ತಳ ಸೀಳಿತ್ತು. ಬೆಸಿಗಿ ಹಾಕಸ್ತೀನಿ ಅಂದಿದ್ದೆ... ಹಂಗಾರ ಮೂವರೂ ಆಕಿನೇ ಏನು? ಒಬ್ಬಾಕಿ ಮೂರು ಕಡಿ ಹೆಂಗ ಇರ್ತಾಳ?”

“ನಾ ಒಬ್ಬನೇ ಮೂರು ಗಿರಾಕಿಗೆ ಜವಾಬು ಕೊಡಾಕತ್ತಿಲ್ಲೇನ್ರಿ, ಹಂಗ!” ಎಂದು ಅಂಗಡಿಯವನು ಬ್ಲೇಡು ಕೆಳಗಿಟ್ಟ.

ಇಡೀ ಹಾಳೆಗೆ ಕಟ್ಟು ಹಾಕಿಸಿ ತಂದೆವು. ಅಮಾವಾಸ್ಯೆಯ ದಿನ ಚಿಕ್ಕಮ್ಮ ಹೂ ಏರಿಸುತ್ತ ನಿಂತುಬಿಟ್ಟಳು. ಚಿತ್ರದ ಬಾಗಿಲ ಒಳಗಿನ ಕತ್ತಲಿಂದ ಒಂದು ಕೈ ಕೊಡದತ್ತ ಚಾಚಿತ್ತು. “ಇದು ಯಾರ ಕೈ, ಮಾವಾ?”

“ನಂದಂತೂ ಅಲ್ಲ. ನಾ ಒಂದಿನಾನೂ ಕೊಡ ಇಳಿಸಿಕೊಂಡಿಲ್ಲ.”

ನನ್ನದೂ ಅಲ್ಲ, ಚಿತ್ರ ಬರೆಯುವಾಗ ನಾನು ಕವಿತಾಳದಲ್ಲಿ ದುಡಿಯುತ್ತಿದ್ದೆ. ಮಾಸ್ತರರು ಕಂಡದ್ದೋ, ಇರಲಿ ಎಂದು ಬರೆದದ್ದೋ? ಕೇಳೋಣವೆಂದರೆ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಯಾರೋ ಬದುಕಿರುವವರದಿರಬಹುದೆಂದು ಅಪ್ಪ ಆ ಕೈಯನ್ನು ಹೆಬ್ಬೆರಳಿಂದ ಮುಚ್ಚಿ ಎಡೆ ಹಿಡಿದ. ಬದುಕಿರುವ ತನಕ ಹಾಗೇ ಮಾಡಿದ.

ಈಗ ಎಡೆ ಹಿಡಿಯುವವನು ನಾನು. ಅಪ್ಪ ತನ್ನದಲ್ಲ ಎಂದರೂ, ಮಾಸ್ತರರು ಅದನ್ನು ಅಪ್ಪನ ಕೈಯೆಂದೇ ಬರೆದಿದ್ದರೆ ಮುಚ್ಚಬಾರದು, ಅವನಿಗೂ ಎಡೆ ಸಲ್ಲಬೇಕು. ಅಲ್ಲದಿದ್ದರೆ ಮುಚ್ಚಬೇಕು. ಪ್ರತಿ ವರ್ಷ ಹೆಬ್ಬೆರಳು ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೂ ಹೀಗೆ ಬಗೆಹರಿಯದ ಚಿತ್ರವಿದ್ದರೆ, ನೀವು ಏನು ಮಾಡುತ್ತೀರಿ ಎಂದು ನನಗೊಂದಿಷ್ಟು ಬರೆದು ತಿಳಿಸಿ.