ಮೊದಲ ಕಾವು

ನಮ್ಮದು ನಾಗಮಂಗಲದ ಹತ್ತಿರ ಕಮ್ಮಾರರ ಮನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಮೊಮ್ಮಗಳು ಮಾತ್ರ ಮೈಸೂರಲ್ಲಿ ಎಂ.ಎಸ್ಸಿ. ಮುಗಿಸಿ, ಉಕ್ಕಿನ ಮೇಲೆ ಪಿಎಚ್.ಡಿ. ಮಾಡಲು ಬೆಂಗಳೂರಿಗೆ ಸೇರಿದಳು. ತೊಂಬತ್ತರ ದಶಕದ ಮಾತು.

"ಉಕ್ಕು ಕಲಿಯಾಕೆ ಅಲ್ಲೀಗಂಟ ಯಾಕೆ? ನಿಮ್ಮಪ್ಪನ್ ತಾವ ಕೂತ್ಕೊ" ಅಂದಿದ್ದೆ.

"ಅಪ್ಪ ಡಾಕ್ಟರ್ ಪದವಿ ಕೊಡಾಕಿಲ್ವಲ್ಲಜ್ಜಿ!"

ಬಾಯ್ಲರಿನೊಳಗೆ ವರ್ಷಗಟ್ಟಲೆ ಬಿಸಿಯಲ್ಲಿರುವ ಉಕ್ಕು ಒಳಗೊಳಗೇ ಹೇಗೆ ಸೋಲುತ್ತದೆ ಎಂದು ನೋಡುವುದು ಅವಳ ಕೆಲಸ. ಅದಕ್ಕೆಂದು ಉಕ್ಕಿನ ತುಂಡುಗಳನ್ನು ತಿಂಗಳುಗಟ್ಟಲೆ ಕರೆಂಟಿನ ಕುಲುಮೆಯಲ್ಲಿ ಕಾಯಿಸಿ ತೆಗೆದಿದ್ದಳು. ಇನ್ನು ಪರೀಕ್ಷೆ ಮಾಡಿ, ಅವಳ ಮೇಷ್ಟ್ರು ನಿವೃತ್ತರಾಗುವುದರೊಳಗೆ ಬರೆದು ಮುಗಿಸಬೇಕಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಯಾರು ಯಾವುದರಿಂದ ಅನ್ನ ತಿನ್ನುತ್ತಾರೋ ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ಇಡಬೇಕು. "ನಿನ್ ಸಾಮಾನೂ ತಕಂಬಾರವ್ವ" ಎಂದು ಅವಳಪ್ಪ, ನನ್ನ ಮಗ, ಹೇಳಿ ಕಳಿಸಿದ್ದ. ಅವಳು ತುಂಡುಗಳನ್ನೆಲ್ಲ ಡಬ್ಬಿಯಲ್ಲಿ ತಂದಳು. ಕುಂಕುಮವನ್ನು ಡಬ್ಬಿಗೆ ಮಾತ್ರ ಇಡಿಸಿದಳು.

ಪೂಜೆಯ ಮರುದಿನ ಕುಲುಮೆ ಹೊತ್ತಿಸುತ್ತೇವೆ. ಆ ಮೊದಲ ಕಾವು ಮನೆಯವರ ಸಾಮಾನಿಗೆ, ಗಿರಾಕಿಯ ಕುಡುಗೋಲಿಗಲ್ಲ. ಮೊಮ್ಮಗಳು ತಲೆಗೆ ಎರೆದುಕೊಳ್ಳಲು ಹೋಗಿದ್ದಳು. ಮಗ ಡಬ್ಬಿ ಬಿಚ್ಚಿ ಒಂದು ತುಂಡನ್ನು ಅರದಿಂದ ಉಜ್ಜಿ ನೋಡಿದ. ಉಕ್ಕು ಮೆತ್ತಗಿತ್ತು.

"ಇಂಗೇ ತಕಂಡೋದ್ರೆ ಕಮ್ಮಾರ್ರ ಮಗಳು ಅಂತ ನಗಾಕಿಲ್ವೇನವ್ವ?" ಎಂದು ನನಗೆ ಹೇಳಿ, ಎಲ್ಲವನ್ನೂ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ.

ಅವಳು ಒದ್ದೆ ಕೂದಲಲ್ಲೇ ಓಡಿ ಬಂದಳು.

"ಏನ್ ಮಾಡ್ಬುಟ್ಟೆ ಅಪ್ಪಾ?"

"ಗಟ್ಟಿ ಮಾಡ್ದೆ ಕಣ್ ಮಗಾ. ಈಗ ಅರಾನೇ ಕಚ್ಚಾಕಿಲ್ಲ, ನೋಡು!"

"ಅದು ಮೆತ್ತಗಾಗಿದ್ದನ್ನೇ ಕಣಪ್ಪ ನಾನು ನೋಡ್ಬೇಕಾಗಿದ್ದು. ಎಲ್ಲಾ ಅಳ್ಸೋಯ್ತು."

ಅವನ ಕೈಯಲ್ಲಿ ಇಕ್ಕಳ ಹಾಗೇ ಇತ್ತು. "ತಿರ್ಗಾ ಮೆತ್ತಗೆ ಮಾಡ್ಕೊಡ್ಲಾ?" ಅಂದ.

"ಸುಮ್ಕಿರ್ಲಾ" ಅಂದೆ.

ಅಷ್ಟನ್ನೂ ಯಾಕೆ ತೆಗೆದುಕೊಂಡು ಹೋದೆ ಎಂದು ಮೇಷ್ಟ್ರು ಕೇಳಿದರಂತೆ. ಪೂಜೆಗೆ ಅರ್ಧ ಇಟ್ಟು ಅರ್ಧ ಉಳಿಸಿಕೊಳ್ಳುವುದು ನಮ್ಮಲ್ಲಿಲ್ಲ. ಅದನ್ನು ಅವರಿಗೆ ಹೇಗೆ ಹೇಳಿದಳೋ. ಹೊಸ ತುಂಡು ಕಾಯಿಸಲು ಮತ್ತೆ ಅಷ್ಟೇ ತಿಂಗಳು ಬೇಕು. ಕರೆಂಟಿನ ಕುಲುಮೆಯ ಸರದಿ ಬೇರೆಯವರಿಗೆ ಹೋಗಿತ್ತು. ಮೇಷ್ಟ್ರು ನಿವೃತ್ತರಾದರು, ವಿದ್ಯಾರ್ಥಿವೇತನವೂ ನಿಂತಿತು. ಮೊಮ್ಮಗಳು ಪಾಂಡವಪುರದ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡಲು ಸೇರಿದಳು. ಅಪ್ಪನನ್ನು ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಅವನು ನೆಟ್ಟಗೆ ಊಟ ಮಾಡುತ್ತಿದ್ದನೇನೋ.

ಮುಂದಿನ ಆಯುಧಪೂಜೆಗೂ ಬಂದಳು. ಸುತ್ತಿಗೆ, ಇಕ್ಕಳ ತೊಳೆದು ಜೋಡಿಸಿದ್ದೂ ಅವಳೇ. ಮಗ ಅಡಿಗಲ್ಲಿನ ಪಕ್ಕ ಒಂದಿಷ್ಟು ಜಾಗ ಬಿಟ್ಟಿದ್ದ.

"ನಿಂದೂ ಏನಾರ ಇಡವ್ವ. ಸೀಮೆಸುಣ್ಣನಾದ್ರೂ ಇಡು" ಅಂದ.

"ಅದು ಸ್ಕೂಲಿಂದು ಕಣಪ್ಪ" ಅಂದಳು. ಕರ್ಪೂರ ಹಚ್ಚಿ ತಟ್ಟೆಯನ್ನು ಅವನ ಕೈಗೆ ಕೊಟ್ಟಳು.