ಕೈಗುಣ

ನನ್ನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ನವಲಗುಂದದಿಂದ ಒಬ್ಬ ನರ್ಸಬಾಯಿ ಬರುತ್ತಿದ್ದರು. "ಗಾಯದ ಅಂಚಿನಿಂದ ಜೀವಕೋಶ ತೆವಳಿ ಬರತಾವ್ರಿ ಕಾಕಾ. ಅವುಗಳ ಒಳಗಿನ ಮೋಟಾರ್ ಪ್ರೋಟೀನ್ ಹಿಂದಿನ ತುದ್ಯಾಗ ಬಿಗೀತಾವು, ಆಗ ಮುಂದ ಯಾವುದಂತ ಕೋಶಕ್ಕ ತಿಳಿತೈತಿ," ಎಂದು ಮುಷ್ಟಿ ಬಿಗಿದು ತೋರಿಸುತ್ತಿದ್ದರು.

"ಎಷ್ಟ ಎಚ್‌ಪಿ ಮೋಟಾರ್ರಿ ಬಾಯಾರ? ಹೊಲಕ್ಕ ನೀರ ಎತ್ತತಾವೇನು?" ಎಂದರೆ ನಗುತ್ತಿದ್ದರು. "ಅವಸರ ಬ್ಯಾಡ್ರಿ, ಸಾಗತಾವು."

ಅವರು ಹೋದೊಡನೆ ನಾನು ಪಟ್ಟಿ ಕಿತ್ತು ಗಾಯ ತೊಳೆಯುತ್ತಿದ್ದೆ. ಅವರ ಜಾತಿ ನನಗೆ ಗೊತ್ತಿತ್ತು.

ಗಾಯ ಮಾಯಲಿಲ್ಲ. "ನನ್ನ ಕೈಗುಣಾನ ಸರಿ ಇಲ್ಲೇನ್ರಿ ಕಾಕಾ?" ಎಂದು ಒಂದು ದಿನ ಕೇಳಿದರು. ನಾನು ಕಾಲು ಚಾಚಿದೆ, ಪಟ್ಟಿ ಕಟ್ಟಿ ಹೋದರು. ಆಮೇಲೆ ಅವರು ಬರಲಿಲ್ಲ, ಬೇರೆ ಊರಿಗೆ ವರ್ಗವಾದರಂತೆ.

ಅಂದು ಕಟ್ಟಿದ ಪಟ್ಟಿಯನ್ನು ಮಾತ್ರ ನಾನು ಬಿಚ್ಚಲಿಲ್ಲ. ವಾರ ಕಳೆದು ನೋಡಿದರೆ ಅಂಚಿನಿಂದ ಹೊಸ ಚರ್ಮ ಸಾಗಿ ಬಂದಿತ್ತು. ಈಗಲೂ ಬಾಗಿಲ ಸಪ್ಪಳವಾದರೆ ಕಾಲು ಮುಂದೆ ಚಾಚುತ್ತೇನೆ.