ಬೇರೆ ರಾಶಿಯ ಕೊಸರು

ನಾನು ನಿಂತಿದ್ದದ್ದು ಹಿರಿಯೂರಿನ ಮೀನು ಮಾರುಕಟ್ಟೆಯ ಒಳಗೆ, ತಗಡಿನ ಛಾವಣಿಯ ಎರಡನೆಯ ಕಂಬಕ್ಕೆ ಒರಗಿ. ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ, ಇನ್ನೂ ಐಸ್ ಒಡೆಯುತ್ತಿದ್ದ ಹೊತ್ತು. ನನ್ನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಅಕ್ಕ ಕೂತಿದ್ದಳು. ಅವಳ ಬಲಗೈಗೆ ಮೊಣಕೈವರೆಗೂ ಮೀನಿನ ಹುರುಪೆ ಮೆತ್ತಿಕೊಂಡಿತ್ತು. ಹಸಿರು ಬಳೆಗಳ ಸಂದಿನಲ್ಲೂ ಹುರುಪೆ. ತಗಡಿನ ತೂತಿನಿಂದ ಬಿಸಿಲು ಬಿದ್ದಾಗಲೆಲ್ಲ ಆ ಕೈ ಹೊಳೆಯುತ್ತಿತ್ತು. ಎಂದೂ ಸುಮ್ಮನಿರದ ಆ ಕೈ ಅವತ್ತು ತಕ್ಕಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಅದು ಯಾಕೆ ನಿಂತಿತೆಂದು ಹೇಳಬೇಕಾದರೆ ಆ ಕೈಯ ಅಭ್ಯಾಸವನ್ನು ಮೊದಲು ಹೇಳಬೇಕು.

ಊರಿಗೆಲ್ಲ ಅವಳು ಅಕ್ಕ. ತವರು ಹೊಸದುರ್ಗದ ದಾರಿಯ ಒಂದು ಹಳ್ಳಿ; ಮದುವೆಯಾಗಿ ಹಿರಿಯೂರಿಗೆ ಬಂದು, ಗಂಡ ತೀರಿಕೊಂಡ ಮೇಲೆ ಅವನು ಮೀನು ಹರಡುತ್ತಿದ್ದ ಕಲ್ಲಿನ ಹಿಂದೆಯೇ ವ್ಯಾಪಾರಕ್ಕೆ ಕೂತವಳು. ಅವಳ ಮುಂದೆ ಯಾವಾಗಲೂ ಎರಡು ರಾಶಿ ಇರುತ್ತಿದ್ದವು. ಎಡಕ್ಕೆ ಡ್ಯಾಂ ಮೀನು, ಊರ ಹತ್ತಿರದ ಅಣೆಕಟ್ಟಿನದು. ಬಲಕ್ಕೆ ಕೆರೆ ಮೀನು. ಅದು ಅವಳ ತವರೂರಿನ ಕೆರೆಯದು. ಆ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವಳ ಸ್ವಂತ ತಮ್ಮನದು. ಕೇಳದಿದ್ದರೂ ಯಾವುದು ಎಲ್ಲಿಯದೆಂದು ಹೇಳುತ್ತಿದ್ದಳು. ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ, "ನೋಡ್ರಿ, ಎಂಗೈತೆ ಕೆಂಪು. ನಿನ್ನೆ ರಾತ್ರಿ ಈಜಾಡಿದ್ದು," ಎನ್ನುತ್ತಿದ್ದಳು. ಹಳೆಯ ಮೀನಾದರೆ ಕಿವಿರು ಎತ್ತುತ್ತಲೇ ಇರಲಿಲ್ಲ. "ಇದು ಬ್ಯಾಡ ಬಿಡ್ರಿ, ಸಾರು ಕೆಡುತ್ತೆ," ಎಂದು ಬದಿಗೆ ಸರಿಸುತ್ತಿದ್ದಳು.

ತೂಕವಾಗಿ ತಕ್ಕಡಿಯ ಮುಳ್ಳು ನಿಂತ ಮೇಲೆ ಅವಳ ಬಲಗೈ ತಾನಾಗಿಯೇ ಇನ್ನೊಂದು ಸಣ್ಣ ಮೀನನ್ನು ಎತ್ತಿ ಚೀಲದೊಳಗೆ ಹಾಕುತ್ತಿತ್ತು. ಅದು ಕೊಸರು. ಕೊಸರಿಲ್ಲದೆ ಅವಳ ಕಲ್ಲಿನಿಂದ ಯಾರೂ ಎದ್ದುಹೋದದ್ದನ್ನು ನಾನು ನೋಡಿಲ್ಲ. "ತೂಕ ತಕ್ಕಡೀದು, ಕೊಸರು ನಂದು," ಎನ್ನುತ್ತಿದ್ದಳು. ಪಕ್ಕದಲ್ಲಿ ಒಣಮೀನು ಮಾರುವ ಚಾಚಾ ಇದನ್ನು ಕೇಳಿ ಕೇಳಿ ರೇಗಿದ್ದರು.

"ಏನಮ್ಮ, ನೀನು ಹಿಂಗೆ ಕೊಸರು ಹಾಕ್ತಿದ್ರೆ ನನ್ನತ್ರ ಬಂದವ್ರು ನಂಗೂ ಕೇಳ್ತಾರೆ. ಒಣ ಸೀಗಡಿಗೆ ಎಲ್ಲಿಂದ ಕೊಸರು ತರ್ಲಿ ನಾನು?"

"ನಿಮ್ಮ ಸೀಗಡಿ ವಾಸನೇನೇ ಕೊಸರು ಚಾಚಾ. ಮನೇವರೆಗೂ ಜೊತೇಗೆ ಬರುತ್ತೆ."

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಮನೆ ಹಿರಿಯೂರಿನಲ್ಲಿ. ಆ ವರ್ಷ ನಮ್ಮ ವಿಭಾಗದ ನಾವು ಕೆಲವರು ಊರಿನಲ್ಲಿ ಮಾರುವ ಮೀನಿನಲ್ಲಿ ಸೀಸ, ಪಾದರಸದಂಥ ಲೋಹಗಳು ಇವೆಯೇ ಎಂದು ನೋಡಲು ಹೊರಟಿದ್ದೆವು. ಮೊದಲಿಗೆ ಆರಿಸಿಕೊಂಡದ್ದು ಡ್ಯಾಂ ಮೀನನ್ನು ಮಾತ್ರ, ಊರು ಹೆಚ್ಚಾಗಿ ತಿನ್ನುವುದು ಅದನ್ನೇ ಎಂದು. ಅಕ್ಕನ ಹತ್ತಿರ ಹೋಗಿ ಎಡಗಡೆಯ ರಾಶಿಯಿಂದ ಜಿಲೇಬಿ ಮೀನು ಕೊಂಡೆ. ಸಣ್ಣ ಜಿಲೇಬಿಯನ್ನು ನಮ್ಮ ಕಡೆ ತಲೆ, ಮುಳ್ಳು ಬಿಡದೆ ಹುರಿದು ತಿನ್ನುತ್ತಾರೆ. ಆದ್ದರಿಂದ ಪೊಟ್ಟಣದಲ್ಲಿದ್ದುದನ್ನೆಲ್ಲ ಇಡಿಯಾಗಿ ಒಟ್ಟಿಗೆ ಅರೆದು, ಒಣಗಿಸಿ, ದೊಡ್ಡ ಲ್ಯಾಬಿಗೆ ಕಳಿಸಿದೆವು.

ಉತ್ತರ ಬಂತು. ಸೀಸ ಇರಬೇಕಾದ ಮಿತಿಗಿಂತ ಮೇಲಿತ್ತು. ಎರಡು ಸಲ ಓದಿದೆ. ನನ್ನ ಮಗಳು ಹಿಂದಿನ ವಾರವಷ್ಟೇ ಅಕ್ಕನ ಕೊಸರು ಮೀನನ್ನು ತನಗೇ ಬೇಕೆಂದು ಹಟ ಹಿಡಿದು ತಿಂದಿದ್ದಳು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಏನು ಮಾಡುತ್ತದೆಂದು ನಾನೇ ತರಗತಿಯಲ್ಲಿ ಪಾಠ ಹೇಳುವವನು. ಮರುದಿನವೇ ಊರಿನ ಆರೋಗ್ಯ ನಿರೀಕ್ಷಕರಿಗೆ ತಿಳಿಸಿದೆ. ಆ ಭಾನುವಾರ ಅವರು ಮಾರುಕಟ್ಟೆಗೆ ಬಂದದ್ದು ಅದಕ್ಕೇ.

ನಿರೀಕ್ಷಕರು ಒರಟು ಮನುಷ್ಯರಲ್ಲ. ಎಲ್ಲರನ್ನೂ ಹತ್ತಿರ ಕರೆದು, ನಮ್ಮ ಪರೀಕ್ಷೆಯಲ್ಲಿ ಸೀಸ ಕಂಡದ್ದನ್ನು ತಿಳಿಸಿ, ಮತ್ತೊಂದು ಪರೀಕ್ಷೆಯಾಗುವವರೆಗೆ ಡ್ಯಾಂ ಮೀನು ಮಾರಬೇಡಿ ಎಂದು ಮೆತ್ತಗೆ ಹೇಳಿದರು. ಮಾರುಕಟ್ಟೆ ಒಮ್ಮೆಲೇ ಎದ್ದು ನಿಂತಿತು.

"ಡ್ಯಾಂ ಮೀನು ಬ್ಯಾಡ ಅಂದ್ರೆ ಇಲ್ಲೇನು ಬದನೆಕಾಯಿ ಮಾರಾಣ?" ಎಂದು ಯಾರೋ ಕೂಗಿದರು. "ಮೇಷ್ಟ್ರಿಗೆ ಮಾಡಕ್ಕೆ ಕೆಲ್ಸ ಇಲ್ಲ," ಎಂದು ಇನ್ನೊಬ್ಬರು. ಚಾಚಾ ಮಾತ್ರ, "ಲೇ, ಸುಮ್ನಿರ್ರಿ. ಮೊದ್ಲು ಕೇಳಾಣ," ಎಂದರು.

ನಿರೀಕ್ಷಕರು ನನ್ನನ್ನು ಕೇಳಿದರು: ಮೀನು ಎಲ್ಲಿ ಕೊಂಡಿರಿ, ಏನು ಮಾಡಿದಿರಿ, ಎಲ್ಲರಿಗೂ ಕೇಳುವಂತೆ ಹೇಳಿ. ಹೇಳಿದೆ. ಅಕ್ಕ ಅಷ್ಟು ಹೊತ್ತೂ ಗಿರಾಕಿಯೊಬ್ಬರಿಗೆ ಕೆರೆ ಮೀನು ತೂಗುತ್ತಿದ್ದಳು. ಮುಳ್ಳು ನಿಂತಿತ್ತು. ಅವಳ ಬಲಗೈ ಕೊಸರಿಗೆಂದು ಚಾಚಿತು, ಬಲಗಡೆಯ ರಾಶಿಯಿಂದ ಒಂದು ಸಣ್ಣ ಜಿಲೇಬಿ ಎತ್ತಿತು, ಎತ್ತಿದ್ದು ತಕ್ಕಡಿಯ ಮೇಲೆ ಹಾಗೇ ನಿಂತಿತು.

"ಮೇಷ್ಟ್ರೇ," ಎಂದಳು. "ಅವತ್ತು ನಾನು ಹಾಕಿದ ಕೊಸರು ಏನು ಮಾಡಿದ್ರಿ? ಮನೆಗೆ ಒಯ್ದ್ರೋ, ಅದನ್ನೂ ಅರೆದ್ರೋ?"

"ಚೀಲದಲ್ಲಿ ಇದ್ದದ್ದೆಲ್ಲ ಅರೆದ್ವಿ ಅಕ್ಕ."

ಆಗ ಅವಳು ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ತಮ್ಮ ಆಗಷ್ಟೇ ಆಟೋದಿಂದ ಕೆರೆ ಮೀನಿನ ಕ್ರೇಟ್ ಇಳಿಸಿ ಹೆಗಲ ಮೇಲೆ ಹೊತ್ತು ನಿಂತಿದ್ದ. ನೀರು ಅವನ ಅಂಗಿಯ ಮೇಲೆ ಸುರಿಯುತ್ತಿತ್ತು. ಗಿರಾಕಿ ಚೀಲ ಬಿಚ್ಚಿ ಹಿಡಿದುಕೊಂಡೇ ಕಾಯುತ್ತಿದ್ದರು.

"ಸಾಹೇಬ್ರೇ," ಎಂದಳು ನಿರೀಕ್ಷಕರಿಗೆ. "ಆ ಪೊಟ್ಣದಾಗೆ ಡ್ಯಾಂ ಮೀನೊಂದೇ ಇರ್ಲಿಲ್ಲ. ಕೊಸರು ನಾನು ಯಾವಾಗ್ಲೂ ಈ ರಾಶಿಯಿಂದ ಹಾಕೋದು. ಇದು ನನ್ನ ತಮ್ಮನ ಕೆರೇದು. ಅದನ್ನೂ ನೋಡ್ರಿ. ಬೇರೆ ಬೇರೆ ಕಟ್ಟಿ ನೋಡ್ರಿ."

"ಅಕ್ಕಾ, ಬಾಯಿ ಮುಚ್ಚು!" ಎಂದ ತಮ್ಮ. "ಯಾರು ಕೇಳಿದ್ರು ನಿನ್ನ? ಗುತ್ತಿಗೆ ಹೋದ್ರೆ ನನ್ನ ಮನೆ ಏನಾಗ್ಬೇಕು?"

"ನಿನ್ನ ಮಕ್ಳು ದಿನಾ ಇದೇ ಮೀನು ತಿಂತಾವಲ್ಲೋ," ಎಂದಳು ಅಕ್ಕ. ದನಿ ಏರಿಸಲಿಲ್ಲ. ಎತ್ತಿದ ಮೀನನ್ನು ರಾಶಿಗೆ ವಾಪಸು ಇಟ್ಟಳು. ಗಿರಾಕಿಗೆ, "ಇವತ್ತು ಕೊಸರು ಇಲ್ಲ ಕಣವ್ವ. ಈ ಮೀನೂ ಬ್ಯಾಡ, ಬಿಟ್ಟು ಹೋಗು," ಎಂದಳು.

ತಮ್ಮ ಕ್ರೇಟನ್ನು ಅಲ್ಲೇ ಇಳಿಸಿ ಹೊರಟುಹೋದ.

ಅವಳು ಆ ಮಾತು ಆಡದಿದ್ದರೆ ಏನಾಗುತ್ತಿತ್ತೆಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎರಡನೆಯ ಪರೀಕ್ಷೆಯಲ್ಲಿ ಡ್ಯಾಂ ಮೀನು ಪಾರಾಗುತ್ತಿತ್ತು. ಮೊದಲ ಸಲ ಲ್ಯಾಬಿನಲ್ಲಿ ಏನೋ ಎಡವಟ್ಟಾಗಿದೆ ಎಂದುಕೊಂಡು ನಾವು ಮುಗಿಸಿಬಿಡುತ್ತಿದ್ದೆವು. ಕೆರೆಯ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅವಳಿಗೂ, ಅವಳ ತವರಿಗೂ ಅದೇ ಸುಲಭವಾಗಿತ್ತು.

ಅವತ್ತೇ ಎಲ್ಲರ ಎದುರಿಗೆ ಪೊಟ್ಟಣ ಕಟ್ಟಿದೆವು. ಡ್ಯಾಂ ಮೀನು ಒಂದರಲ್ಲಿ, ಕೆರೆ ಮೀನು ಇನ್ನೊಂದರಲ್ಲಿ. ದಾರ ಬಿಗಿದದ್ದು ಚಾಚಾ. ಉತ್ತರ ಬರುವವರೆಗೆ ಅಕ್ಕ ಎರಡು ರಾಶಿಯನ್ನೂ ಹಾಕಲಿಲ್ಲ. ಹಾಗೆಂದು ಮನೆಯಲ್ಲೂ ಕೂರಲಿಲ್ಲ. ದಿನವೂ ಬಂದು ಕಲ್ಲು ತೊಳೆದು, ಬರಿಯ ಕಲ್ಲಿನ ಹಿಂದೆ ಕೂತು, ಬಂದವರಿಗೆ, "ಉತ್ರ ಬಂದಿಲ್ಲ. ಬಂದ್ಮೇಲೆ ಬರ್ರಿ," ಎನ್ನುತ್ತಿದ್ದಳು. ಅವಳ ಕೈಯಲ್ಲಿ ಹುರುಪೆಯಿಲ್ಲದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆ ಕೈ ಬೇರೆ ಯಾರದೋ ಅನ್ನಿಸುತ್ತಿತ್ತು.

ಡ್ಯಾಂ ಮೀನು ಚೆನ್ನಾಗಿತ್ತು. ಕೆರೆ ಮೀನಿನಲ್ಲಿ ಸೀಸ ಇತ್ತು, ಮೊದಲಿನ ಉತ್ತರಕ್ಕಿಂತ ಬಹಳ ಹೆಚ್ಚು. ಹುಡುಕಿಕೊಂಡು ಹೋದಾಗ ಕೆರೆಗೆ ಬರುವ ಹಳ್ಳದ ಮೇಲ್ಭಾಗದಲ್ಲಿ, ಜಾಲಿಯ ಮರೆಯಲ್ಲಿ ಒಂದು ಶೆಡ್ ಸಿಕ್ಕಿತು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ತೊಳೆದ ನೀರು ನೇರ ಹಳ್ಳಕ್ಕೆ. ಶೆಡ್ಡಿಗೆ ಬೀಗ ಬಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹಳ್ಳದ ಬಾಯಿಯ ಹೂಳು ತೆಗೆಸಿದರು. ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ರೂಢಿ. ಟ್ರ್ಯಾಕ್ಟರುಗಳು ಸಾಲಾಗಿ ಬಂದು ನಿಂತವು. ಆಗಲೂ ಅಕ್ಕ ತವರಿಗೆ ಹೋಗಿ ಹಳ್ಳದ ಬಾಯಲ್ಲಿ ನಿಂತಳು. "ಆ ಕಡೆ ಮಣ್ಣು ಎಷ್ಟಾದ್ರೂ ಒಯ್ರಿ. ಈ ಕಡೇದು ಮುಟ್ಬ್ಯಾಡ್ರಿ. ಸೀಸಾನ ಮೀನಿಂದ ಬಿಡಿಸ್ಕೊಂಡು ರಾಗಿಗೆ ಹಾಕ್ಕೊಂತೀರಾ?" ಎಂದಳಂತೆ. ಆ ಮಣ್ಣನ್ನು ಅಧಿಕಾರಿಗಳು ಬೇರೆಯಾಗಿಯೇ ಸಾಗಿಸಿದರು.

ತಮ್ಮ ಆ ವರ್ಷ ಯುಗಾದಿಗೆ ಅವಳನ್ನು ಕರೆಯಲಿಲ್ಲ. ನಾನು ಆ ವಿಷಯ ಎತ್ತಿದಾಗ, "ಸಿಟ್ಟು ಇರ್ಲಿ ಬಿಡ್ರಿ ಮೇಷ್ಟ್ರೇ. ಮಕ್ಳ ರಕ್ತ ಪರೀಕ್ಷೆ ಮಾಡಿಸವ್ನಂತೆ, ನಂಗಷ್ಟು ಸಾಕು," ಎಂದಳು. ಮಾತು ಮುಗಿಸಿ ಬಹಳ ಹೊತ್ತು ಕಲ್ಲನ್ನೇ ಉಜ್ಜಿದಳು. ಆ ವರ್ಷ ಅವನು ಕೆರೆಗೆ ಬಲೆ ಇಳಿಸಲಿಲ್ಲ. ಡ್ಯಾಮಿನ ದೋಣಿಯವರ ಜೊತೆ ಕೂಲಿಗೆ ಹೋದ. ಅವನಿಗೆ ಆ ಕೆಲಸ ಕೊಡಿಸಿದ್ದು ಅಕ್ಕನೇ ಎಂದು ಅವನಿಗೆ ಗೊತ್ತಾದದ್ದು ತಡವಾಗಿ. ಗೊತ್ತಾದ ದಿನ ಮಾರುಕಟ್ಟೆಗೆ ಬಂದು, ಅವಳ ಕಲ್ಲಿನ ಪಕ್ಕ ಕೂತು ಐಸ್ ಒಡೆದುಕೊಟ್ಟ.

ಮಳೆ ಚೆನ್ನಾಗಿ ಆಯಿತು. ಕೆರೆ ತುಂಬಿತು, ಹೊಸ ಮರಿ ಬಿಟ್ಟರು. ಆಮೇಲಿನ ಮೊದಲ ಪರೀಕ್ಷೆಯಲ್ಲಿ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅದರ ಮುಂದಿನ ವರ್ಷ ಮಿತಿಯೊಳಗೆ ಬಂತು. ಕೆರೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಈಗ ಅದು ಒಳ್ಳೆಯ ಕೆರೆ. ಅಕ್ಕನ ಮುಂದೆ ಮತ್ತೆ ಎರಡು ರಾಶಿ ಬಿದ್ದವು. ಕೊಸರನ್ನು ಅವಳು ಬಿಡಲಿಲ್ಲ, ಆದರೆ ಯಾವ ರಾಶಿಯ ಮೀನೋ ಅದೇ ರಾಶಿಯ ಕೊಸರು. ಅವಳನ್ನು ನೋಡಿ ಉಳಿದವರೂ ಗಿರಾಕಿ ಕೇಳುವ ಮೊದಲೇ ಕೆರೆಯ ಹೆಸರು ಹೇಳುವುದನ್ನು ಕಲಿತರು.

ಹೋದ ಕಾರ್ತಿಕದಲ್ಲಿ ಅಕ್ಕ ತೀರಿಕೊಂಡಳು. ಹಿಂದಿನ ದಿನದವರೆಗೂ ಕಲ್ಲಿನ ಹಿಂದೆ ಕೂತಿದ್ದಳು. ಈಗ ನನ್ನ ಮಗಳು ಮೀನು ತಿನ್ನುವಾಗ ನನಗೆ ಹೆದರಿಕೆಯಿಲ್ಲ. ಅದಕ್ಕೆ ನಾನು ಯಾರಿಗೆ ಋಣಿ ಎಂದು ಮಗಳಿಗೂ ಹೇಳಿದ್ದೇನೆ.

ನಾನು ಬರೆದದ್ದರಲ್ಲಿ ಒಂದು ಮಾತು ಹೆಚ್ಚಾಗಿದ್ದರೂ ತಿದ್ದುವವರು ಇದ್ದಾರೆ. ಆ ಭಾನುವಾರ ಅಲ್ಲಿ ನಿಂತು ಕಂಡವರಲ್ಲಿ ಆರೋಗ್ಯ ನಿರೀಕ್ಷಕರು ನಿವೃತ್ತರಾಗಿ ಹೊಳಲ್ಕೆರೆಯಲ್ಲಿದ್ದಾರೆ. ಚಾಚಾ ಅದೇ ಜಾಗದಲ್ಲಿ ಒಣಮೀನು ಮಾರುತ್ತಿದ್ದಾರೆ, ಕಣ್ಣು ಮಂದವಾಗಿದೆ. ಮತ್ತೆ ಅವಳ ತಮ್ಮ. ಕೆರೆಯ ಗುತ್ತಿಗೆ ಈಗಲೂ ಅವನದೇ. ವರ್ಷವರ್ಷವೂ ಮಾರಾಟಕ್ಕೆ ಬಲೆ ಇಳಿಸುವ ಮೊದಲು ನಾಲ್ಕು ಮೀನು ಹಿಡಿದು, ಒಂದು ಪೊಟ್ಟಣ ಕಟ್ಟಿಕೊಂಡು ನಮ್ಮ ಕಾಲೇಜಿನ ಲ್ಯಾಬಿಗೆ ತಾನೇ ಬರುತ್ತಾನೆ. ನಾನು ಬಿಚ್ಚುವವರೆಗೂ ಎದುರಿಗೇ ನಿಂತಿದ್ದು, ಪ್ರತಿ ಸಲವೂ ಹೇಳುತ್ತಾನೆ: "ಎಲ್ಲಾ ಒಂದೇ ಕೆರೇವು ಮೇಷ್ಟ್ರೇ. ಕೊಸರು ಹಾಕಿಲ್ಲ."